ಅಪ್‌ಡೇಟ್: ಮೊದಲು ನೆಟ್‌ವರ್ಕ್ ಪ್ಲಸ್, ಆಮೇಲೆ ಸೆಕ್ಯೂರಿಟಿ ಪ್ಲಸ್, ಎರಡೂ ಪಾಸ್!
ಗೋಣಿಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಿದೀನಿ, ಐಟಿ ಸರ್ಟಿಫಿಕೇಟ್ ಕೊಡೋ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ (ಹಾರ್ಡ್‌ವೇರ್, ಬೇಸಿಕ್ಸ್), ನೆಟ್‌ವರ್ಕ್ ಪ್ಲಸ್, ಸೆಕ್ಯೂರಿಟಿ ಪ್ಲಸ್ ಪರೀಕ್ಷೆಗಳಲ್ಲಿ ಯಾವುದು ಮೊದಲು ಬರೀಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ.

"ಹಾರ್ಡ್‌ವೇರ್ ಕೈಗೆ ಹತ್ತಿದ್ರೆ ಎ ಪ್ಲಸ್ ಬಿಡಿ, ಅದಕ್ಕೆ ಎರಡು ಪರೀಕ್ಷೆ, ಎರಡು ಫೀಸು" ಅಂದವರ ಮಾತೇ ಸರಿಹೋಯ್ತು. ಪೋರ್ಟು, ಫೈರ್‌ವಾಲ್, ವಿಪಿಎನ್ ಎಲ್ಲ ನೆಟ್‌ವರ್ಕ್‌ನಲ್ಲೇ ಓದಿದ್ದರಿಂದ ಸೆಕ್ಯೂರಿಟಿ ತುಂಬಾ ಹಗುರಾಯ್ತು.

ಮನೆಯಿಂದಲೇ ಆನ್‌ಲೈನ್ ಬರೆಯೋ ಸಲಹೆ ಮಾತ್ರ ನಮ್ಮ ಕೊಡಗಿನ ಮಳೆಗಾಲಕ್ಕೆ ಆಗಿಬರಲ್ಲ. ಒಂದು ಮರ ಬಿದ್ರೆ ಕರೆಂಟು, ನೆಟ್ಟು ಎರಡೂ ಇಲ್ಲ. ಬೆಂಗಳೂರಿನ ಸೆಂಟರ್‌ಗೇ ಹೋದೆ. ಅಲ್ಲಿ ಕೊಟ್ಟ ಅಳಿಸಿ ಬರೆಯೋ ಹಾಳೆ ಮೇಲೆ, ಟೈಮರ್ ಶುರುವಾದ ಕೂಡ್ಲೇ 128, 64, 32, 16 ಅಂತ ಸಬ್‌ನೆಟ್ (ನೆಟ್‌ವರ್ಕನ್ನ ಚಿಕ್ಕ ಭಾಗ ಮಾಡೋ) ಲೆಕ್ಕದ ಸಾಲು ಬರ್ಕೊಂಡೆ. 90 ನಿಮಿಷ, ಗರಿಷ್ಠ 90 ಪ್ರಶ್ನೆ. ಶುರುವಲ್ಲೇ ಬಂದ ಪ್ರಾಕ್ಟಿಕಲ್ ಪ್ರಶ್ನೆಗಳನ್ನ ಫ್ಲಾಗ್ ಮಾಡಿ (ಗುರುತು ಹಾಕಿಟ್ಟು) ಕೊನೆಗೆ ಬಿಡಿಸಿದೆ. ನನ್ನ ಪ್ರಶ್ನೆಗೆ ಉತ್ತರ ಬರೆದು ಈ ಉಪಾಯ ಹೇಳಿಕೊಟ್ಟ ಅಕ್ಕನಿಗೆ ತುಂಬಾ ಥ್ಯಾಂಕ್ಸ್.

ಇನ್ನೊಂದು ಖುಷಿಯ ಸಂಗತಿ. ಈ ಸರ್ಟಿಫಿಕೇಟ್‌ಗಳ ಅವಧಿ 3 ವರ್ಷ, ಮೇಲಿನ ಹಂತದ್ದು ಪಾಸಾದ್ರೆ ಕೆಳಗಿನದೂ ರಿನ್ಯೂ ಆಗುತ್ತೆ. ನನ್ನ ನೆಟ್‌ವರ್ಕ್ ಪ್ಲಸ್ ದಿನಾಂಕವೂ ಮುಂದೆ ಹೋಯ್ತು. ಸಿಪಿಯು ಬಿಚ್ಚಿ ನೋಡೇ ಇಲ್ಲದವರು ಮಾತ್ರ ಎ ಪ್ಲಸ್‌ನಿಂದಲೇ ಶುರು ಮಾಡಿ.