ಸೆಕೆಂಡ್ ಹ್ಯಾಂಡ್ ಇಂಜಿನ್‌ಗೆ ನಮ್ಮ ಹಳೇ ಇಂಜೆಕ್ಟರ್ ಹಾಕಬಹುದಾ?

ಪ್ರಶ್ನೆ (ಮದ್ದೂರು): ನಮಸ್ತೆ ಅಣ್ಣ. ನಮ್ಮದು ಎಳನೀರು ಸಾಗಿಸುವ ಪಿಕಪ್, ನಾಲ್ಕು ಸಿಲಿಂಡರ್, ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಒತ್ತಡದ ಡೀಸೆಲ್ ಹೋಗುವಂಥದ್ದು). ಇಂಜಿನ್ ಹೋಯ್ತು. ಮೈಸೂರಿನಲ್ಲಿ ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಇಂಜಿನ್ ಸಿಕ್ಕಿದೆ, ಪಂಪು, ಇಂಜೆಕ್ಟರ್ ಸಮೇತ. ನಮ್ಮ ಇಂಜೆಕ್ಟರ್ ಹಾಕಿಸಿ ಜಾಸ್ತಿ ದಿನ ಆಗಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ (ಡೀಸೆಲ್ ಪಂಪ್ ಮೆಕ್ಯಾನಿಕ್, ಮೈಸೂರು): ಮೊದಲು ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಮೇಲಿನ ನಂಬರ್ ನೋಡಿ. ಮಾಡೆಲ್ ಹೆಸರು ನಂಬಬೇಡಿ. ಒಂದೇ ಹೆಸರಿನ ಗಾಡಿಗೆ ಹೊಗೆ ನಿಯಮದ ಹಂತ ಬದಲಾದಂತೆ ಬಿಎಸ್3ರಲ್ಲಿ ಒಂದು, ಬಿಎಸ್4ರಲ್ಲಿ ಇನ್ನೊಂದು ಇಂಜೆಕ್ಟರ್ ಇರಬಹುದು. ಬಾಷ್ ಕಂಪನಿಯದಾದರೆ ಸಾಮಾನ್ಯವಾಗಿ 0445 110 ಅಂತ ಶುರುವಾಗುವ ಹತ್ತು ಅಂಕಿ ಇರುತ್ತೆ. ಕೊನೆಯ ಮೂರು ಬೇರೆ ಇದ್ದರೆ, ಅದು ಕಂಪನಿಯೇ ಕೊಟ್ಟ ಬದಲಿ ನಂಬರ್ ಆಗಿದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕ ಒಂದು, ಬೀಳುವ ಡೀಸೆಲ್ ಇನ್ನೊಂದು.

ನಂಬರ್ ಒಂದೇ ಆಗಿದ್ದರೆ ನಿಮ್ಮ ಸೆಟ್ಟೇ ವಾಸಿ. ಇಂಜೆಕ್ಟರ್‌ಗಳು ಬಿಡುವ ಡೀಸೆಲ್‌ನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತೆ. ಅದನ್ನು ಸರಿದೂಗಿಸೋಕೆ ಒಂದೊಂದರ ತಲೆ ಮೇಲೂ ಒಂದು ಕೋಡ್ ಇರುತ್ತೆ. ಇಸಿಯು ನಿಮ್ಮದೇ ಉಳಿಯುತ್ತೆ ಅಲ್ವಾ? ಅದರಲ್ಲಿ ಈ ನಾಲ್ಕರ ಕೋಡೂ ಆಗಲೇ ಇರಬೇಕು. ಬಿಚ್ಚುವಾಗ 1, 2, 3, 4 ಅಂತ ಗುರುತು ಹಾಕಿ, ಅದೇ ಸಿಲಿಂಡರ್‌ಗೆ ಕೂರಿಸಿ. ಅದಲುಬದಲಾದರೆ ಐಡಲ್‌ನಲ್ಲಿ (ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ) ಅದುರುತ್ತೆ, ಕಟಕಟ ಅನ್ನುತ್ತೆ.

ಅಂದಹಾಗೆ, ಹಳೇ ಇಂಜಿನ್ ಹೋಗಿದ್ದು ಯಾಕೆ?

ಪ್ರಶ್ನೆ: ಮೂರನೇ ಪಿಸ್ಟನ್ ತಲೆ ಸುಟ್ಟು ತೂತಾಗಿತ್ತು ಅಣ್ಣ.

ಉತ್ತರ: ಹಾಗಾದರೆ ಸ್ವಲ್ಪ ತಡೆಯಿರಿ. ಮೊದಲ ಅನುಮಾನ ಮೂರನೇ ಇಂಜೆಕ್ಟರ್ ಮೇಲೇ. ಅದರ ತುದಿಯ ನಾಝಲ್ ಸರಿಯಾಗಿ ಮುಚ್ಚದೆ ಡೀಸೆಲ್ ತೊಟ್ಟಿಕ್ಕುತ್ತಿದ್ದರೆ ಪಿಸ್ಟನ್ ಮೇಲೇ ಉರಿಯುತ್ತೆ. ಅದನ್ನೇ ಹಾಕಿದರೆ ಈ ಇಂಜಿನ್ನೂ ಕೈ ಕೊಡುತ್ತೆ. ನಾಲ್ಕನ್ನೂ ಲ್ಯಾಬ್‌ನಲ್ಲಿ ಬೆಂಚ್ ಟೆಸ್ಟ್ (ಬಿಚ್ಚಿ ಯಂತ್ರಕ್ಕೆ ಕೂರಿಸಿ ನೋಡುವ ಪರೀಕ್ಷೆ) ಮಾಡಿಸಿ. ಮೂರನೆಯದು ಫೇಲಾದರೆ, ಬಂದಿರುವ ಸೆಟ್ಟಿನಲ್ಲಿ ಪಾಸಾದ ಒಂದನ್ನು ಹಾಕಿ, ಅದರ ಕೋಡನ್ನು ಸ್ಕ್ಯಾನರ್‌ನಲ್ಲಿ ಇಸಿಯುಗೆ ಬರೆಸಿ.

ಇನ್ನು ಪಂಪು. ಹಳೇ ಫಿಲ್ಟರ್‌ನ ಡೀಸೆಲ್ ಬಿಳಿ ಬಟ್ಟೆ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಪುಡಿಯ ಹಾಗೆ ಮಿನುಗಿದರೆ ನಿಮ್ಮ ಹಳೇ ಪಂಪು ಒಳಗೇ ತೇಯ್ದಿದೆ. ಆಗ ಟ್ಯಾಂಕು, ಲೈನು ತೊಳೆಯದೆ ಸ್ಟಾರ್ಟ್ ಮಾಡಲೇಬೇಡಿ, ಒಳ್ಳೆ ಇಂಜೆಕ್ಟರ್‌ಗಳೂ ಹಾಳಾಗುತ್ತವೆ. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹೊಸದೇ ಹಾಕಿ, ದಪ್ಪವೂ ಅದೇ ಇರಲಿ.

ಪ್ರಶ್ನೆ: ಆಯ್ತಣ್ಣ. ಆರ್‌ಸಿಗೆ ಏನಾದರೂ ಮಾಡಿಸಬೇಕಾ?

ಉತ್ತರ: ಖಂಡಿತ. ಇಂಜಿನ್ ನಂಬರ್ ಬದಲಾಗುತ್ತೆ. ದುಡ್ಡು ಕೊಡುವ ಮುಂಚೆಯೇ ಮಂಡ್ಯ ಆರ್‌ಟಿಓದಲ್ಲಿ ಕೇಳಿ, ಬಿಲ್ ಇಲ್ಲದ ಇಂಜಿನ್ ತಗೋಬೇಡಿ.