ಹೀಟರ್ ಫ್ಯಾನ್ ತಿರುಗ್ತಿಲ್ಲ, ಎಲ್ಲಿಂದ ನೋಡಬೇಕು? (ಪ್ರಶ್ನೋತ್ತರ)

ಕುವೆಂಪುನಗರ: ನಮಸ್ಕಾರ ಅಣ್ಣ. ಕಾರಿನ ಫ್ಯಾನ್ 1, 2, 3ರಲ್ಲಿ ಸದ್ದೇ ಮಾಡುತ್ತಿಲ್ಲ. 4ಕ್ಕೆ ತಿರುಗಿಸಿದರೆ ಮಾತ್ರ ಜೋರಾಗಿ ಗಾಳಿ ಬರುತ್ತದೆ. ಮೋಟಾರ್ ಹೋಯ್ತಾ?

ಎಲೆಕ್ಟ್ರಿಷಿಯನ್: ನಮಸ್ಕಾರ ಸರ್. ಮೋಟಾರ್ ಹೋಗಿದ್ದರೆ 4ರಲ್ಲೂ ತಿರುಗುತ್ತಿರಲಿಲ್ಲ. ಹೋಗಿರುವುದು ರೆಸಿಸ್ಟರ್, ಅಂದರೆ ಫ್ಯಾನಿಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ. ಕಡಿಮೆ ಸ್ಪೀಡಿನಲ್ಲಿ ಕರೆಂಟ್ ಅದರ ಮೂಲಕ ಹೋಗುತ್ತದೆ, 4ರಲ್ಲಿ ನೇರವಾಗಿ ಮೋಟಾರಿಗೆ ಹೋಗುತ್ತದೆ. ಸಾಮಾನ್ಯವಾಗಿ ಗ್ಲೌವ್ ಬಾಕ್ಸ್ ಹಿಂದೆ, ಫ್ಯಾನ್ ಹತ್ತಿರವೇ ಇರುತ್ತದೆ. ಹೊಸದು ಹಾಕುವಾಗ ಕನೆಕ್ಟರ್ ಕೂಡ ನೋಡಿ. ಆಟೋಮ್ಯಾಟಿಕ್ ಎಸಿ ಇರುವ ಗಾಡಿಗೆ ಈ ಲೆಕ್ಕ ನಡೆಯಲ್ಲ, ಅದರಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ.

ಪಾಂಡವಪುರ: ನಂದು ಯಾವ ಸ್ಪೀಡಿನಲ್ಲೂ ತಿರುಗಲ್ಲ ಅಣ್ಣ. ಫ್ಯೂಸ್ ಚೆನ್ನಾಗಿದೆ. ಮೀಟರ್ ಇಟ್ಟರೆ ಮೋಟಾರ್ ಹತ್ತಿರ 12 ವೋಲ್ಟ್ ತೋರಿಸುತ್ತದೆ.

ಎಲೆಕ್ಟ್ರಿಷಿಯನ್: ಬರೀ ಮೀಟರ್ ನಂಬಬೇಡಿ. ವಯರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ, ಆದರೆ ಅದು ಮೋಟಾರ್ ತಿರುಗಿಸಲಾರದು. ಕನೆಕ್ಟರ್ ಕಳಚಿ, ಸ್ವಿಚ್ 4ರಲ್ಲಿಟ್ಟು, ಮೋಟಾರ್ ಬದಲು ಆ ಕನೆಕ್ಟರಿಗೆ ಹಳೆ ಹೆಡ್‌ಲೈಟ್ ಬಲ್ಬ್ ಕೊಟ್ಟು ನೋಡಿ. ಚೆನ್ನಾಗಿ ಉರಿದರೆ ಮೋಟಾರ್ ಸತ್ತಿದೆ. ಮಂಕಾಗಿ ಉರಿದರೆ ವಯರ್, ಅರ್ಥ್, ರಿಲೇ ಹುಡುಕಿ. ಅಲ್ಲಿ ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು.

ಮದ್ದೂರು: ಇಷ್ಟೆಲ್ಲ ಯಾಕೆ? ಫಾರ್ವರ್ಡ್ ಬಂದಿದೆ ನೋಡಿ. ಗಾಳಿ ಬರುವ ಕಿಂಡಿಯೊಳಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಫ್ಯಾನ್ ತಾನೇ ಬಿಟ್ಟುಕೊಳ್ಳುತ್ತದಂತೆ.

ಎಲೆಕ್ಟ್ರಿಷಿಯನ್: ದಯವಿಟ್ಟು ಯಾರೂ ಮಾಡಬೇಡಿ. ಅಂಥ ಸ್ಪ್ರೇಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುತ್ತವೆ. ಮೋಟಾರ್ ತಿರುಗುವಾಗ ಅದರ ಕಾರ್ಬನ್ ಬ್ರಷ್ ಹತ್ತಿರ ಕಿಡಿ ಹಾರುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಈ ಎರಡನ್ನೂ ಸೇರಿಸುತ್ತೀರಾ?

ಹೂಟಗಳ್ಳಿ: ಅಣ್ಣ, ನಂದು 4ರಲ್ಲಿ ಮಾತ್ರ ಬರುತ್ತೆ.

ಎಲೆಕ್ಟ್ರಿಷಿಯನ್: ರೆಸಿಸ್ಟರ್. ಮೇಲೆ ಬರೆದಿದ್ದೇನೆ.

ವಿಜಯನಗರ: ಸರ್, ನಮ್ಮ ಗಾಡಿಯ ಫ್ಯಾನ್ ಹತ್ತು ನಿಮಿಷ ತಿರುಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಶುರುವಾಗುತ್ತದೆ. ಸ್ವಲ್ಪ ಪ್ಲಾಸ್ಟಿಕ್ ಸುಟ್ಟ ವಾಸನೆ ಇದೆ. ಮೊದಲು ಮೂರು ಸಲ ಫ್ಯೂಸ್ ಹೋಗಿತ್ತು. ದಾರಿಯಲ್ಲಿ ಒಬ್ಬ ಮೆಕ್ಯಾನಿಕ್ 'ಇನ್ನು ಹೋಗಲ್ಲ' ಅಂತ ಏನೋ ಮಾಡಿಕೊಟ್ಟರು. ನಿಜವಾಗಿಯೂ ಆಮೇಲೆ ಹೋಗಿಲ್ಲ. ಶುಕ್ರವಾರ ಮಕ್ಕಳನ್ನು ಕರೆದುಕೊಂಡು ಮಡಿಕೇರಿಗೆ ಹೊರಟಿದ್ದೇವೆ. ಹೋಗಬಹುದಾ?

ಎಲೆಕ್ಟ್ರಿಷಿಯನ್: ಮೇಡಂ, ಮಡಿಕೇರಿ ಆಮೇಲೆ. ಮೊದಲು ಫ್ಯಾನ್ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಬೇಡಿ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ತಿರುಗುತ್ತಿದೆ ಅಂದರೆ ಎಲ್ಲೋ ಜಾಸ್ತಿ ಬಿಸಿಯಾಗುತ್ತಿದೆ. ಮೂರು ಸಲ ಫ್ಯೂಸ್ ಹೋಗಿದೆ ಅಂದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ ಅನ್ನುವ ಅನುಮಾನ ನನಗೆ. ಬೇರಿಂಗ್ ಬಿಗಿಯಾದರೆ ಹೀಗಾಗುತ್ತದೆ. ಹೊಂಗೆ ಮರದ ಕೆಳಗೆ ನಿಲ್ಲಿಸುವ ಗಾಡಿಗಳಲ್ಲಿ ಎಲೆ ಒಳಗೆ ಬಿದ್ದು ಫ್ಯಾನ್ ಸಿಕ್ಕಿಹಾಕಿಕೊಳ್ಳುವುದೂ ಇದೆ. ಫ್ಯೂಸ್ ಹೋಗುತ್ತಿದ್ದದ್ದು ತೊಂದರೆ ಅಲ್ಲ, ಅದು ನಿಮಗೆ ಮೂರು ಸಲ ಹೇಳಿದೆ. ಅದರ ಬಾಯಿ ಮುಚ್ಚಿಸಿದ್ದೇ ಈಗ ನನ್ನ ಭಯ. ಫ್ಯೂಸ್ ಹೋಗದಿದ್ದರೆ ಅದರ ಬದಲು ಬಿಸಿಯಾಗಿ ಸುಡುವುದು ಡ್ಯಾಶ್‌ಬೋರ್ಡ್ ಹಿಂದಿನ ವಯರ್.

ಇನ್ನೊಂದು ಮಾತು. ಸರಿಯಾದ ಫ್ಯೂಸ್ ಇದ್ದರೂ ಕನೆಕ್ಟರ್ ಸುಡಬಹುದು. ಪಿನ್ ಸಡಿಲವಾದರೆ ಅಲ್ಲೇ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹಿಡಿತ ಬಿಡುತ್ತದೆ. ಕರೆಂಟ್ ಜಾಸ್ತಿ ಆಗಿರುವುದಿಲ್ಲ, ಹಾಗಾಗಿ ಫ್ಯೂಸಿಗೆ ಅದು ಗೊತ್ತೇ ಆಗಲ್ಲ. ಹೋದ ತಿಂಗಳು ಒಂದು ಗಾಡಿಯಲ್ಲಿ ನೋಡಿದೆ. ಬಿಳಿ ಕನೆಕ್ಟರ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎಳೆದರೆ ಕಪ್ಪಾದ ಪಿನ್ನಿಗೆ ಪ್ಲಾಸ್ಟಿಕ್ ಅಂಟಿಕೊಂಡೇ ಬಂತು. ಫ್ಯೂಸ್ ಹೊಸದರಂತಿತ್ತು.

ಕೀ ತೆಗೆದು ಫ್ಯೂಸ್ ಬಾಕ್ಸ್ ಮುಚ್ಚಳ ಬಿಚ್ಚಿ. ಒಳಬದಿಯ ಚಿತ್ರದಲ್ಲಿ ಬ್ಲೋವರ್ (ಇದೇ ಫ್ಯಾನ್) ಫ್ಯೂಸ್ ಯಾವುದು, ಎಷ್ಟು ಆಂಪಿಯರ್ ಅಂತ ಇರುತ್ತದೆ. ಅದೇ ಫ್ಯೂಸಿನ ಫೋಟೋ ಹಾಕಿ.

ಮದ್ದೂರು: ಮೈಸೂರು, ಮಂಡ್ಯಕ್ಕೆ ಹೀಟರ್ ಯಾಕೆ ಬೇಕು? ಸುಮ್ನೆ ಫ್ಯಾನ್ ವಯರ್ ಕತ್ತರಿಸಿ ಬಿಟ್ಟರಾಯ್ತು.

ಪಾಂಡವಪುರ: ಡಿಸೆಂಬರ್‌ನಲ್ಲಿ ಬೆಳಿಗ್ಗೆ ಐದಕ್ಕೆ ನಾಲೆ ಏರಿ ಮೇಲೆ ಗಾಡಿ ಓಡಿಸಿ ನೋಡಿ. ಗಾಜು ಒಳಗಿನಿಂದ ಮಂಜು ಹಿಡಿದರೆ ಎದುರಿನ ಕಬ್ಬಿನ ಗಾಡಿ ಕಾಣಲ್ಲ.

ಮದ್ದೂರು: ನಾವೂ ಓಡಿಸಿದವರೇ. ಹಸಿ ಆಲೂಗಡ್ಡೆ ಗಾಜಿಗೆ ತಿಕ್ಕಿ, ಮಂಜು ಹಿಡಿಯಲ್ಲ.

ಪಾಂಡವಪುರ: ತಿಕ್ಕಿದ್ದೆ. ಎದುರಿನ ಲೈಟ್ ಬಿದ್ದಾಗ ಗಾಜೆಲ್ಲ ಬೆಳ್ಳಗೆ ಕಂಡಿತು. ಇಂಥದ್ದು ಹಾಕುವ ಮೊದಲು ನೀವೇ ಒಮ್ಮೆ ಮಾಡಿ ನೋಡಬಾರದಾ?

ಮದ್ದೂರು: ನೀವೇನು ದೊಡ್ಡ ಎಂಜಿನಿಯರಾ?

ನಂಜನಗೂಡು: ಇಬ್ಬರೂ ನಿಲ್ಲಿಸಿ. ಅಣ್ಣ, ಹೊಸ ಮೋಟಾರಿಗೆ ಎಷ್ಟಾಗುತ್ತೆ? ಗುಜರಿಯದು ಹಾಕಬಹುದಾ?

ಎಲೆಕ್ಟ್ರಿಷಿಯನ್: ಜಗಳ ಬೇರೆ ಕಡೆ ಆಡಿ. ಎಸಿ ಗಾಳಿಯೂ ಇದೇ ಫ್ಯಾನಿನಿಂದ ಬರುವುದು, ಏಪ್ರಿಲ್ ಬಿಸಿಲಿನಲ್ಲಿ ವಯರ್ ಕತ್ತರಿಸಿ ಕೂರುತ್ತೀರಾ? ಗಾಜು ಮಂಜಾದರೆ ಎಸಿ ಮತ್ತು ಬಿಸಿ ಗಾಳಿ ಎರಡನ್ನೂ ಹಾಕಿ, ಹೊರಗಿನ ಗಾಳಿಗೆ ಇಟ್ಟು ಗಾಜಿನ ಕಡೆ ತಿರುಗಿಸಿ. ಎಸಿ ತೇವ ಎಳೆಯುತ್ತದೆ. ಫ್ಯಾನ್ ಇಲ್ಲದಿದ್ದರೆ ಗಾಡಿ ನಿಲ್ಲಿಸಿ ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಕಡೆ ಗಾಜು ಸ್ವಲ್ಪ ಇಳಿಸಿ.

ಶ್ರೀರಂಗಪಟ್ಟಣ: ಫ್ಯಾನ್ ಹಾಕಿದರೆ ಸಿಹಿ ವಾಸನೆ ಬರುತ್ತದೆ, ಗಾಜಿಗೆ ಜಿಡ್ಡು ಕೂರುತ್ತದೆ. ಎಡಗಡೆ ಮ್ಯಾಟ್ ಒದ್ದೆ.

ಎಲೆಕ್ಟ್ರಿಷಿಯನ್: ಹೀಟರ್ ಕೋರ್, ಅಂದರೆ ಗಾಳಿ ಬಿಸಿ ಮಾಡುವ ಸಣ್ಣ ರೇಡಿಯೇಟರ್ ಸೋರುತ್ತಿದೆ. ಆ ಒದ್ದೆ ಕೂಲೆಂಟ್, ಎಂಜಿನ್ ತಣ್ಣಗಿಡುವ ದ್ರವ. ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಬಿಚ್ಚಬೇಡಿ. ದೂರ ಹೋಗಬೇಡಿ.

ಹೂಟಗಳ್ಳಿ: ಅಣ್ಣ, ರೆಸಿಸ್ಟರ್ ಅಂದ್ರಲ್ಲ, ಮೋಟಾರ್ ಅಲ್ವಾ?

ಎಲೆಕ್ಟ್ರಿಷಿಯನ್: ಅಲ್ಲ.

ಮಳವಳ್ಳಿ: ಟ್ರ್ಯಾಕ್ಟರ್ ಕ್ಯಾಬಿನ್ ಫ್ಯಾನಿಗೂ ಇದೇ ಲೆಕ್ಕಾನಾ?

ವಿಜಯನಗರ: ಸರ್, ಫೋಟೋ ಹಾಕಿದ್ದೇನೆ. ಫ್ಯೂಸಿನ ಎರಡು ಕಾಲಿಗೆ ತಾಮ್ರದ ತಂತಿ ಸುತ್ತಿದ್ದಾರೆ. ಪಕ್ಕದ ಪ್ಲಾಸ್ಟಿಕ್ ಮೆತ್ತಗಾಗಿ ಬಾಗಿದೆ.

ಮದ್ದೂರು: ತಂತಿ ಎಲ್ಲರೂ ಸುತ್ತುತ್ತಾರೆ, ಏನೂ ಆಗಲ್ಲ.

ಎಲೆಕ್ಟ್ರಿಷಿಯನ್: ಮದ್ದೂರಿನವರೇ, ಆ ಗಾಡಿಯಲ್ಲಿ ಮಕ್ಕಳು ಕೂರುತ್ತಾರೆ. ಈ ವಿಷಯದಲ್ಲಿ ಇನ್ನು ನೀವು ಬರೆಯಬೇಡಿ.

ಮೇಡಂ, ಆ ಫ್ಯೂಸ್ ತಂತಿ ಸಮೇತ ಕಿತ್ತು ಹೊರಗಿಡಿ. ಜಾಗ ಖಾಲಿ ಇರಲಿ, ಹೊಸದು ಹಾಕಬೇಡಿ. ಅಲ್ಲಿಯವರೆಗೆ ಕಿಟಕಿ ತೆಗೆದು ಓಡಿಸಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತನ್ನಿ. ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಅಳೆದು, ವಯರ್ ಪೂರ್ತಿ ನೋಡಿ ಹೇಳುತ್ತೇನೆ.

ವಿಜಯನಗರ: ಕಿತ್ತೆ ಸರ್. ಒಂಬತ್ತಕ್ಕೆ ಬರುತ್ತೇವೆ.