ಫ್ರೆಂಚಿನಲ್ಲಿ 'ನಂಬಿಕೆ'ಗೆ ಯಾವ ಪದ? ಬಳಸುವವರು ಹೇಳಿ

ಫ್ರೆಂಚ್ ಬಿ1 (ಮಧ್ಯಮ ಮಟ್ಟದ) ಪರೀಕ್ಷೆಗೆ ಓದುತ್ತಿದ್ದೇನೆ. ನಿಘಂಟಿನಲ್ಲಿ ನಂಬಿಕೆಗೆ 'ಕ್ರ್ವಾಯಾಂಸ್' ಅಂತಿದೆ, 'ಫ್ವಾ', 'ಕೋಂಫಿಯಾಂಸ್' ಕೂಡ ಇವೆ. ಯಾವುದನ್ನು ಎಲ್ಲಿ ಬಳಸುವುದು? ದಿನಾ ಫ್ರೆಂಚ್ ಮಾತಾಡುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ಫ್ರೆಂಚ್ ಕಲಿಸುವವರು

ಹೀಗೆ ಹಿಡಿಯಿರಿ: ಏನನ್ನು ನಿಜವೆಂದು ನಂಬಿದ್ದೇವೋ ಅದು ಕ್ರ್ವಾಯಾಂಸ್. ಮೇಜಿನ ಮೇಲೆ ಬ್ರೆಡ್ಡನ್ನು ಬೋರಲು ಇಟ್ಟರೆ ಕೆಡುಕು ಅನ್ನುವುದು ಅಲ್ಲಿನ ಹಳೆಯ ಜನಪದ ನಂಬಿಕೆ. ಅದಕ್ಕೆ ಈ ಪದವೇ ಸರಿ. ಧಾರ್ಮಿಕ ನಂಬಿಕೆಗಳಿಗೂ ಬರುತ್ತದೆ. 1958ರ ಫ್ರೆಂಚ್ ಸಂವಿಧಾನದ ಮೊದಲ ವಿಧಿಯಲ್ಲೇ ಗಣರಾಜ್ಯವು 'ಎಲ್ಲ ಕ್ರ್ವಾಯಾಂಸ್‌ಗಳನ್ನೂ' ಗೌರವಿಸುತ್ತದೆ ಎಂದಿದೆ. ಆದರೆ "ನಿನ್ನ ಮೇಲೆ ನಂಬಿಕೆಯಿದೆ" ಅನ್ನುವಾಗ ಇದು ಸಲ್ಲದು. ಅಲ್ಲಿ "ಜೆ ಕೋಂಫಿಯಾಂಸ್ ಆಂ ತ್ವಾ" ಅನ್ನಬೇಕು.

ಲಿಯೋನ್‌ನಲ್ಲಿರುವವರು

ಇಲ್ಲಿಗೆ ಬಂದ ಮೇಲೆ ನನ್ನ ಕಿವಿಗೆ ಹೆಚ್ಚು ಬಿದ್ದದ್ದು ಫ್ವಾ. ದೇವರ ಮೇಲಿನ ಶ್ರದ್ಧೆ ಅದರ ಮುಖ್ಯ ಅರ್ಥವಾದರೂ ಕಚೇರಿ ಕಾಗದಗಳಲ್ಲಿ ಬೇರೆಯದೇ ವೇಷದಲ್ಲಿ ಸಿಗುತ್ತದೆ. 'ಬೊನ್ ಫ್ವಾ' ಅಂದರೆ ಸದುದ್ದೇಶ, ಪ್ರಾಮಾಣಿಕತೆ. 'ಮೊವೇಜ್ ಫ್ವಾ' ಅದರ ವಿರುದ್ಧ. ಅಂಚೆಯಲ್ಲಿ ಅರ್ಜಿ ಕಳಿಸುವಾಗ 'ಲ ಕಾಶೆ ದ ಲಾ ಪೋಸ್ತ್ ಫಜಾಂ ಫ್ವಾ' ಎಂದು ಬರೆದಿರುತ್ತಾರೆ: ಅಂಚೆಯ ಮುದ್ರೆಯ ದಿನಾಂಕವೇ ಪುರಾವೆ. ಚುನಾವಣೆ ಬಂದಾಗ ಅಭ್ಯರ್ಥಿಗಳ ಕರಪತ್ರಕ್ಕೂ 'ಪ್ರೊಫೆಸಿಯೋಂ ದ ಫ್ವಾ' ಅಂತಲೇ ಹೆಸರು. ಇವನ್ನೆಲ್ಲ ಒಡೆದು ಅರ್ಥ ಮಾಡಲು ಹೋಗಬೇಡಿ, ಇಡಿಯಾಗಿ ಕಲಿಯಿರಿ. ಇನ್ನೊಂದು ಮಾತು: ಪಿತ್ತಜನಕಾಂಗಕ್ಕೂ 'ಒಂದು ಸಲ' ಅನ್ನುವಾಗಿನ 'ಸಲ'ಕ್ಕೂ ಉಚ್ಚಾರ ಫ್ವಾ ಎಂದೇ. ಕಾಗುಣಿತ ಮಾತ್ರ ಬೇರೆ, ಉಕ್ತಲೇಖನದಲ್ಲಿ ಎಚ್ಚರ.

ಅನುವಾದ ಮಾಡುವವರು, ಬೆಂಗಳೂರು

ನಾಮಪದಕ್ಕಿಂತ ಮೊದಲು 'ಕ್ರ್ವಾರ್' ಕ್ರಿಯಾಪದವನ್ನು ಗಟ್ಟಿ ಮಾಡಿಕೊಳ್ಳಿ ಅಂತ ನನ್ನ ಒತ್ತಾಯ. ಆಡುಮಾತಿನಲ್ಲಿ ಕೆಲಸ ಮಾಡುವುದು ಅದೇ. "ಜ ತ ಕ್ರ್ವಾ" ಅಂದರೆ ನೀನು ಹೇಳಿದ್ದನ್ನು ನಂಬುತ್ತೇನೆ, ಅಷ್ಟೇ. ನಡುವೆ 'ಆಂ' ಸೇರಿಸಿ "ಜ ಕ್ರ್ವಾ ಆಂ ತ್ವಾ" ಅಂದರೆ ನಿನ್ನ ಸಾಮರ್ಥ್ಯದ ಮೇಲೆಯೇ ಭರವಸೆ. ದೇವರನ್ನು ನಂಬುವುದಕ್ಕೂ ಇದೇ 'ಆಂ'. ಇನ್ನು 'ಆ' ಬಂದರೆ ಇದೆ, ನಿಜ, ಆದೀತು ಎಂದು ಒಪ್ಪುವುದು: ಮಕ್ಕಳು ಪೇರ್ ನೊಯೆಲ್ (ಕ್ರಿಸ್‌ಮಸ್ ತಾತ) ಇದ್ದಾನೆಂದು ನಂಬುವುದು ಹೀಗೆ. 'ಬರುತ್ತಾನೆ ಅನ್ಸತ್ತೆ' ಅಂತ ನಾವು ಅನ್ನುವಲ್ಲಿ ಅವರೂ ಈ ಕ್ರಿಯಾಪದವನ್ನೇ ಬಳಸುತ್ತಾರೆ: "ಜ ಕ್ರ್ವಾ ಕಿಲ್ ವಿಯಾಂ". ನಿಷೇಧ ಮಾಡಿದರೆ ಸಬ್‌ಜಂಕ್ಟಿವ್ (ಸಂದೇಹ ಸೂಚಿಸುವ ಕ್ರಿಯಾರೂಪ) ಬಂದು 'ವಿಯಾಂ' ಹೋಗಿ 'ವಿಯೆನ್' ಆಗುತ್ತದೆ. ಬಿ1ಗೆ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿ.

ಮತ್ತೆ ಕೇಳಿದವರು

ತುಂಬ ಧನ್ಯವಾದ. ಪರಿಚಯದವರನ್ನು "ದೇವರನ್ನು ನಂಬ್ತೀರಾ" ಅಂತ ಕೇಳುವುದು ಹೇಗೆ?

ಲಿಯೋನ್‌ನಲ್ಲಿರುವವರು

"ವು ಜೆತ್ ಕ್ರ್ವಾಯಾಂ?" ಅನ್ನಬಹುದು, ಆಸ್ತಿಕರಿಗೆ 'ಕ್ರ್ವಾಯಾಂ' ಅನ್ನುತ್ತಾರೆ. ಆದರೆ ಇಲ್ಲಿ ಅದು ಬಹಳ ಖಾಸಗಿ ವಿಷಯ. ಸಲುಗೆ ಬೆಳೆಯುವ ತನಕ, ಅದರಲ್ಲೂ ಕೆಲಸದ ಜಾಗದಲ್ಲಿ, ಕೇಳದಿರುವುದೇ ಮೇಲು.